ಪ್ರಶ್ನೆಯ ವಾರಸುದಾರರು: ಪ್ರಯೋಗಾಲಯದಿಂದ ತೋಟಕ್ಕೆ, ಕಡಲಿಗೆ, ಕಾರ್ಖಾನೆಗೆ

(ರಾಷ್ಟ್ರೀಯ ವಿಜ್ಞಾನ ದಿನದ ಅಂಗವಾಗಿ ಉಡುಪಿಯ ಕಾಲೇಜೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಅಂದು ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ವಿವರಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಅಧ್ಯಕ್ಷರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಫೆಬ್ರವರಿ 28ರಂದು ವಿಜ್ಞಾನದ ಬಗ್ಗೆ ಮಾತನಾಡುವವರು ವಾಡಿಕೆಯಂತೆ ಸರ್ ಸಿ.ವಿ. ರಾಮನ್ ಅವರಿಂದ ಆರಂಭಿಸುತ್ತಾರೆ. 1928ರಲ್ಲಿ ಇದೇ ದಿನ ಅವರಿಗೆ ಒಲಿದ ಶೋಧದ ನೆನಪಿಗಾಗಿಯೇ ಈ ಆಚರಣೆ ಇರುವುದರಿಂದ ಅದು ಸರಿಯೂ ಹೌದು. ಆದರೆ ನಾನು ಪುತ್ತೂರಿನ ಕಡೆಯ ಅಡಿಕೆ ತೋಟವೊಂದರಲ್ಲಿ ಬೆಳೆದವನು, ರಸಾಯನಶಾಸ್ತ್ರದ ಮೊದಲ ಪಾಠವನ್ನು ಕಲಿತದ್ದು ಶಾಲೆಯಲ್ಲಲ್ಲ. ಮಳೆಗಾಲಕ್ಕೆ ಮುಂಚೆ ಮನೆಯ ಅಂಗಳದಲ್ಲಿ, ಅಡಿಕೆಗೆ ಮದ್ದು ಬಿಡುವ ದಿನ. ಒಂದು ಡ್ರಮ್ಮಿನಲ್ಲಿ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟು, ಕರಗುತ್ತಿತ್ತು, ಇನ್ನೊಂದರಲ್ಲಿ ಸುಣ್ಣ. ಒಂದು ಕಿಲೋ ಮೈಲುತುತ್ತಿಗೆ ಒಂದು ಕಿಲೋ ಸುಣ್ಣ, ಒಟ್ಟು ನೂರು ಲೀಟರ್ ನೀರು, ಇದು ಲೆಕ್ಕ. ಎರಡನ್ನೂ ಬೆರೆಸಿದ ಮೇಲೆ ಅಪ್ಪಯ್ಯ ಹೊಳೆಯುವ ಚಾಕುವೊಂದನ್ನು ಆ ನೀಲಿ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ಎತ್ತುತ್ತಿದ್ದರು. ಅಲಗಿನ ಮೇಲೆ ಕೆಂಪು ಬಣ್ಣ ಕೂತಿದ್ದರೆ ಸುಣ್ಣ ಸಾಲದು ಎಂದು ಅರ್ಥ. ಕಬ್ಬಿಣವು ತಾಮ್ರವನ್ನು ಅದರ ಲವಣದಿಂದ ಹೊರದಬ್ಬುತ್ತದೆ ಎಂಬ ಪಾಠ ನನಗೆ ಕಾಲೇಜಿನಲ್ಲಿ ಬಂದಾಗ, ಇದು ನಮ್ಮ ಅಂಗಳದ್ದೇ ಅಲ್ಲವೇ ಎಂದು ಆಶ್ಚರ್ಯಪಟ್ಟಿದ್ದೆ.

ಆ ಬೋರ್ಡೋ ದ್ರಾವಣ ನಮ್ಮ ಅಂಗಳಕ್ಕೆ ಬಂದ ದಾರಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ದ್ರಾಕ್ಷಿ ಬೆಳೆಗಾರರು, ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ತಾಮ್ರ ಮತ್ತು ಸುಣ್ಣದ ಮಿಶ್ರಣವನ್ನು ಬಳಿಯುತ್ತಿದ್ದರು. ಬೂಜುರೋಗ ಎಲ್ಲ ಕಡೆ ಹಬ್ಬಿದರೂ ಆ ಬಳ್ಳಿಗಳು ಹಸಿರಾಗಿಯೇ ಉಳಿದದ್ದನ್ನು ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆ ಗಮನಿಸಿದರು. ಪ್ರಯೋಗ ನಡೆಸಿ 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಅಲ್ಲಿಂದ ಕಾಲು ಶತಮಾನದ ನಂತರ, ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿದರು. ಶಿಲೀಂಧ್ರವನ್ನು ಹೋಲುವ ಒಂದು ಸೂಕ್ಷ್ಮಜೀವಿ ಮಳೆಯ ನೀರಿನಲ್ಲಿ ಹರಡಿ ಎಳೆಯ ಕಾಯಿಗಳನ್ನು ಕೊಳೆಯಿಸುತ್ತದೆ ಎಂಬುದನ್ನು ತೋರಿಸಿ 1910ರಲ್ಲಿ ವರದಿ ಪ್ರಕಟಿಸಿದ ಅವರು, ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗೆ ಸಿಂಪಡಿಸುವ ಪದ್ಧತಿಯನ್ನು ರೈತರಿಗೆ ಒದಗಿಸಿದರು. ದ್ರಾಕ್ಷಿಬಳ್ಳಿ ಸೊಂಟದೆತ್ತರ, ಅಡಿಕೆ ಮರ ಐವತ್ತು ಅಡಿ. ಅಲ್ಲಿ ತುಂತುರು ಮಳೆ, ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಜಡಿಮಳೆ. ಆದ್ದರಿಂದ ಮದ್ದು ತೊಳೆದುಹೋಗದಂತೆ ರಾಳ ಬೆರೆಸುವ ಉಪಾಯ ಬೇಕಾಯಿತು, ಮೊದಲ ಸಲ ಬಿಟ್ಟ ನಲವತ್ತು ನಲವತ್ತೈದು ದಿನಗಳಲ್ಲಿ ಮಳೆ ಬಿಡುವು ಕೊಟ್ಟಾಗ ಎರಡನೆಯ ಸಲ ಬಿಡುವ ಕ್ರಮ ಬೇಕಾಯಿತು, ಮಳೆಗೆ ತಲೆ ಬೆನ್ನು ಮುಚ್ಚುವ ಗೊರಬೆ ಹಾಕಿಕೊಂಡು ತೋಟಕ್ಕಿಳಿದವನ ಅನುಭವವೂ ಬೇಕಾಯಿತು.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೆ. ಕೈಗಾರಿಕೆಗೆ, ಕೃಷಿಗೆ ಉಪಯೋಗವಾಗಬೇಕಾದ ಸಂಶೋಧನೆಯಲ್ಲಿ ಪ್ರಶ್ನೆಗೆ ಒಬ್ಬ ವಾರಸುದಾರ ಇರಬೇಕು. ಉತ್ತರಕ್ಕಾಗಿ ಕಾಯುತ್ತಿರುವ, ಸಿಕ್ಕಿದ ಮರುದಿನವೇ ಅದನ್ನು ಪರೀಕ್ಷಿಸಿ ನೋಡುವ, ಸರಿಯಿಲ್ಲದಿದ್ದರೆ ಬೈದು ಹಿಂದಕ್ಕೆ ಕಳುಹಿಸುವ ಒಬ್ಬ ಮನುಷ್ಯನೋ ಒಂದು ಸಮುದಾಯವೋ ಪ್ರಯೋಗಾಲಯದ ಹೊರಗೆ ಇದ್ದಾಗ ನಮ್ಮ ದೇಶದ ಸಂಶೋಧನೆ ಗೆದ್ದಿದೆ. ಇಲ್ಲದಾಗ ಎಷ್ಟೇ ಜಾಣತನದ ಕೆಲಸವೂ ವರದಿಯಾಗಿ ಕಪಾಟು ಸೇರಿದೆ.

ನಮ್ಮಲ್ಲಿ ಈ ಬಗೆಯ ಸಂಶೋಧನೆಯನ್ನು ಸಂಘಟಿಸಿದ ಶಾಂತಿಸ್ವರೂಪ ಭಟ್ನಾಗರ್ ಅವರ ವೃತ್ತಿಜೀವನವೇ ಇದಕ್ಕೆ ಸಾಕ್ಷಿ. ಅವರು ಲಾಹೋರಿನಲ್ಲಿ ಪ್ರಾಧ್ಯಾಪಕರಾಗಿದ್ದಾಗ ರಾವಲ್ಪಿಂಡಿಯ ಅಟಕ್ ತೈಲ ಕಂಪನಿಗೆ ಒಂದು ಸಮಸ್ಯೆ ಎದುರಾಗಿತ್ತು. ಬಾವಿ ಕೊರೆಯುವಾಗ ಬಳಸುವ ಕೆಸರು ಭೂಮಿಯೊಳಗಿನ ಉಪ್ಪುನೀರಿಗೆ ತಾಗಿದೊಡನೆ ಗಟ್ಟಿಯಾಗಿ ಕೊರೆಯುವ ಕೆಲಸವೇ ನಿಲ್ಲುತ್ತಿತ್ತು. ಭಟ್ನಾಗರ್ ಕಲಿಲಗಳ, ಅಂದರೆ ಕೆಸರಿನಂತೆ ದ್ರವದಲ್ಲಿ ಸೂಕ್ಷ್ಮ ಕಣಗಳು ತೇಲುವ ಮಿಶ್ರಣಗಳ, ರಸಾಯನಶಾಸ್ತ್ರದಲ್ಲಿ ಪಳಗಿದವರು. ಇಲ್ಲಿಯ ಮರದ ಅಂಟೊಂದನ್ನು ಬೆರೆಸಿದರೆ ಕೆಸರು ಗಟ್ಟಿಯಾಗುವುದಿಲ್ಲ ಎಂದು ಅವರು ಕಂಡುಕೊಂಡರು. ಸಂತೋಷಗೊಂಡ ಕಂಪನಿ ಕೊಡಲು ಮುಂದಾದ ಒಂದೂವರೆ ಲಕ್ಷ ರೂಪಾಯಿಯನ್ನು ಅವರು ಸ್ವಂತಕ್ಕೆ ತೆಗೆದುಕೊಳ್ಳದೆ ವಿಶ್ವವಿದ್ಯಾಲಯದ ಸಂಶೋಧನೆಗೆ ಬಿಟ್ಟುಕೊಟ್ಟರು. ಎರಡನೆಯ ಮಹಾಯುದ್ಧ ಶುರುವಾಗಿ ಹೊರಗಿನಿಂದ ಸಾಮಾನು ಬರುವುದು ನಿಂತಾಗ, ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಒತ್ತಾಸೆಯಿಂದ 1940ರಲ್ಲಿ ಒಂದು ಮಂಡಳಿ ರಚನೆಯಾಯಿತು, 1942ರ ಸೆಪ್ಟೆಂಬರ್ 26ರಂದು ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಜನ್ಮ ತಾಳಿತು. ನಾವು ಸಿಎಸ್‌ಐಆರ್ ಎನ್ನುವುದು ಇದನ್ನೇ. ಸ್ವಾತಂತ್ರ್ಯ ಬಂದ ಬಳಿಕ ಪುಣೆಯಲ್ಲಿ ರಸಾಯನ, ದೆಹಲಿಯಲ್ಲಿ ಭೌತ, ಮದರಾಸಿನಲ್ಲಿ ಚರ್ಮ, ಕಾರೈಕುಡಿಯಲ್ಲಿ ವಿದ್ಯುದ್ರಸಾಯನ ಹೀಗೆ ಪ್ರಯೋಗಾಲಯಗಳು ಒಂದರ ಹಿಂದೆ ಒಂದು ಎದ್ದವು. ಕಾರೈಕುಡಿಯ ಸಂಸ್ಥೆಗಾಗಿ ಅಳಗಪ್ಪ ಚೆಟ್ಟಿಯಾರರು 300 ಎಕರೆ ಜಾಗವನ್ನೂ 15 ಲಕ್ಷ ರೂಪಾಯಿಯನ್ನೂ ದಾನ ಮಾಡಿದರು. ಮೈಸೂರಿನಲ್ಲಿ ಚೆಲುವಾಂಬ ವಿಲಾಸದ ಅರಮನೆಯೇ 1950ರಲ್ಲಿ ಆಹಾರ ಸಂಶೋಧನಾಲಯವಾಯಿತು.

ಆ ಅರಮನೆಯೊಳಗೆ ನಡೆದ ಒಂದು ಕೆಲಸವನ್ನು ನಾನು ತುಂಬ ಮೆಚ್ಚುತ್ತೇನೆ. ಗುಜರಾತಿನ ಆನಂದದಲ್ಲಿ ಸಹಕಾರಿ ಸಂಘ ಕಟ್ಟಿದ ರೈತರ ಬಳಿ ಇದ್ದದ್ದು ಎಮ್ಮೆಯ ಹಾಲು. ಎಮ್ಮೆಯ ಹಾಲಿನಿಂದ ಪುಡಿ ತಯಾರಿಸಲು ಆಗುವುದಿಲ್ಲ ಎಂದು ಹೊರದೇಶದ ಪರಿಣತರು ಹೇಳುತ್ತಿದ್ದ ಕಾಲದಲ್ಲಿ ಅಲ್ಲಿಯ ಎಚ್.ಎಂ. ದಲಾಯ ಅದನ್ನು ಮಾಡಿ ತೋರಿಸಿದ್ದರು. ಆದರೆ ಕೂಸುಗಳಿಗೆ ಕೊಡುವ ಪುಡಿಯ ಮಾತು ಬೇರೆ. ಎಮ್ಮೆಯ ಹಾಲಿನಲ್ಲಿ ಕೊಬ್ಬು ಹಸುವಿನ ಹಾಲಿಗಿಂತ ಎರಡು ಪಾಲಿನಷ್ಟಿದೆ, ಜಠರದಲ್ಲಿ ಅದು ಗಟ್ಟಿ ಗಡ್ಡೆಯಾಗಿ ಒಡೆಯುತ್ತದೆ, ಎಳೆಯ ಮಗುವಿಗೆ ಅರಗುವುದಿಲ್ಲ. ಆ ಗಡ್ಡೆಯನ್ನು ಮೆದುವಾಗಿಸುವ, ಕೊಬ್ಬನ್ನು ಹದಕ್ಕೆ ತರುವ ವಿಧಾನವನ್ನು ಮೈಸೂರಿನ ವಿಜ್ಞಾನಿಗಳು ರೂಪಿಸಿದರು. ಅಮುಲ್ ಅದನ್ನು ಮಾರುಕಟ್ಟೆಗೆ ತಂದಿತು. ಮೈಸೂರಿನಲ್ಲಿ ಉತ್ತರ ಸಿದ್ಧವಾಗುವಾಗ ಆನಂದದಲ್ಲಿ ಡೈರಿ, ಯಂತ್ರ, ಹಾಲು ಹಾಕುವ ಸಾವಿರಾರು ಕುಟುಂಬಗಳು ಎಲ್ಲವೂ ಸಿದ್ಧವಾಗಿಯೇ ಇದ್ದವು. ಹಾಲಿನ ಪುಡಿಯನ್ನು ಹೊರದೇಶದಿಂದ ತರಿಸುತ್ತಿದ್ದ ದೇಶಕ್ಕೆ ಇದು ಸಣ್ಣ ಸಂಗತಿಯಲ್ಲ.

ಮತದಾನದ ದಿನ ನಮ್ಮ ಎಡಗೈ ತೋರುಬೆರಳಿಗೆ ಹಚ್ಚುವ ಶಾಯಿಯೂ ಹಾಗೆಯೇ. ಒಬ್ಬ ಎರಡು ಸಲ ಮತ ಹಾಕದಂತೆ ತಡೆಯುವುದು ಹೇಗೆ ಎಂಬ ಪ್ರಶ್ನೆ ಚುನಾವಣಾ ಆಯೋಗದ್ದು, ಸೂತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು, ತಯಾರಿಕೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭವಾದ ಮೈಸೂರಿನ ಸಂಸ್ಥೆಯದು. 1962ರ ಮಹಾಚುನಾವಣೆಯಿಂದ ಇವತ್ತಿನವರೆಗೆ ಅದು ನಡೆದು ಬಂದಿದೆ. ಶಾಯಿಯಲ್ಲಿರುವ ಬೆಳ್ಳಿಯ ನೈಟ್ರೇಟು ಚರ್ಮದ ಉಪ್ಪಿನೊಡನೆ ಕೂಡಿ ಬೆಳಕಿಗೆ ಕಪ್ಪಾಗುತ್ತದೆ. ಸಾಬೂನಿಗೆ ಹೋಗುವುದಿಲ್ಲ, ಚರ್ಮ ಕಳಚಿ ಉಗುರು ಬೆಳೆದ ಮೇಲೆಯೇ ಮಾಸಬೇಕು.

ಟ್ರ್ಯಾಕ್ಟರಿನ ವಿಷಯವನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ದುರ್ಗಾಪುರದ ಯಾಂತ್ರಿಕ ಎಂಜಿನಿಯರಿಂಗ್ ಪ್ರಯೋಗಾಲಯ ಹೊರಗಿನ ತಂತ್ರಜ್ಞಾನದ ನೆರವಿಲ್ಲದೆ ರೂಪಿಸಿದ ಟ್ರ್ಯಾಕ್ಟರ್ 1974ರಲ್ಲಿ ಪಂಜಾಬಿನಿಂದ ಸ್ವರಾಜ್ ಎಂಬ ಹೆಸರಿನಲ್ಲಿ ಹೊರಬಂತು. ನಕ್ಷೆಯನ್ನು ಮಾರಿ ಕೈತೊಳೆದುಕೊಳ್ಳದೆ, ವಿನ್ಯಾಸ ಮಾಡಿದ ಎಂಜಿನಿಯರುಗಳೇ ಕಾರ್ಖಾನೆಗೆ ಹೋಗಿ ನೆಲೆಸಿದರು ಎಂಬುದು ಆ ಕಥೆಯ ತಿರುಳು.

ಅದು ಏಕೆ ಅಷ್ಟು ಮುಖ್ಯ ಎಂಬುದನ್ನು ಉಡುಪಿಯವರಿಗೆ ವಿವರಿಸುವುದು ಸುಲಭ. ಪರ್ಯಾಯದ ಸಮಯದಲ್ಲಿ ಸಾವಿರಾರು ಜನರಿಗೆ ಅಡುಗೆ ಮಾಡುವ ಭಟ್ಟರನ್ನು ಕೇಳಿ ನೋಡಿ. ಐದು ಜನರ ಪಾಯಸದ ಅಳತೆಯನ್ನು ಇನ್ನೂರರಿಂದ ಗುಣಿಸಿದರೆ ಸಾವಿರ ಜನರ ಪಾಯಸ ಆಗುವುದಿಲ್ಲ ಎಂದು ಅವರು ನಗುತ್ತಾರೆ. ಕೊಪ್ಪರಿಗೆಯ ತಳ ಹಿಡಿಯುತ್ತದೆ, ನಡುವೆ ಬೇಯುವುದಿಲ್ಲ, ಬೆಂಕಿ ತೆಗೆದ ಮೇಲೂ ಅರ್ಧ ಗಂಟೆ ಒಳಗೊಳಗೇ ಕುದಿಯುತ್ತಿರುತ್ತದೆ. ಇದರ ಹಿಂದಿರುವ ಲೆಕ್ಕ ಸರಳ. ಪಾತ್ರೆಯ ಉದ್ದಗಲ ಎತ್ತರಗಳನ್ನು ಹತ್ತು ಪಟ್ಟು ಮಾಡಿದರೆ ಒಳಗಿನ ಪದಾರ್ಥ ಸಾವಿರ ಪಟ್ಟಾಗುತ್ತದೆ, ಶಾಖ ಒಳಹೋಗುವ ಅಥವಾ ಹೊರಬರುವ ಮೈ ಮಾತ್ರ ನೂರು ಪಟ್ಟು. ಗಾಜಿನ ಬುರುಡೆಯಲ್ಲಿ ಸಾಧುವಾಗಿದ್ದ ರಾಸಾಯನಿಕ ಕ್ರಿಯೆ ದೊಡ್ಡ ಪಾತ್ರೆಯಲ್ಲಿ ತನ್ನ ಶಾಖವನ್ನು ತಾನೇ ಕಳೆದುಕೊಳ್ಳಲಾರದೆ ಕೈಮೀರುವುದು ಈ ಕಾರಣಕ್ಕೆ.

ಇದನ್ನು ನಾನು ಪುಸ್ತಕದಲ್ಲಿ ಓದಿ ಪಾಸಾಗಿದ್ದೆ. ಕಲಿತದ್ದು ಮಾತ್ರ ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ರಾಳ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ರಸಾಯನಜ್ಞನಾಗಿದ್ದೆ. ಅರ್ಧ ಲೀಟರಿನ ಬುರುಡೆಯಲ್ಲಿ ಹತ್ತು ಸಲ ಚೆನ್ನಾಗಿ ಬಂದ ಪಾಕವನ್ನು ನೇರವಾಗಿ ಸಾವಿರ ಲೀಟರಿನ ಪಾತ್ರೆಗೆ ಏರಿಸಿದೆವು, ನಡುವೆ ಐವತ್ತು ಲೀಟರಿನ ಪ್ರಯೋಗ ಮಾಡುವ ವ್ಯವಧಾನ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಉಷ್ಣಾಂಶ ಏರತೊಡಗಿ, ತಣ್ಣೀರು ಹಾಯಿಸಿದರೂ ನಿಲ್ಲದೆ, ಒಳಗಿದ್ದದ್ದು ಅಷ್ಟೂ ಗಟ್ಟಿ ಗಡ್ಡೆಯಾಯಿತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಮೂರು ದಿನ ಉಳಿ ಸುತ್ತಿಗೆ ಹಿಡಿದು ಪಾತ್ರೆಯೊಳಗಿನಿಂದ ಅದನ್ನು ಕೆತ್ತಿ ತೆಗೆದ ಕೆಲಸಗಾರರು ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಗೇರುಬೀಜದ ಮಾತು ಬಂದುದರಿಂದ ಅಲ್ಲಿಯೇ ಸ್ವಲ್ಪ ನಿಲ್ಲುತ್ತೇನೆ. ಬ್ರೆಜಿಲಿನಿಂದ ಪೋರ್ಚುಗೀಸರು ತಂದ ಈ ಮರ ನಮ್ಮ ಮುರಕಲ್ಲಿನ ಗುಡ್ಡಗಳಿಗೆ ಹೊಂದಿಕೊಂಡಿತು, ಮಂಗಳೂರು ಬೀಜದ ಕಾರ್ಖಾನೆಗಳ ಊರಾಯಿತು. ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಅದರಲ್ಲಿರುವ ಅನಕಾರ್ಡಿಕ್ ಆಮ್ಲ ಕಾಯಿಸಿದಾಗ ಇಂಗಾಲದ ಡೈಆಕ್ಸೈಡನ್ನು ಬಿಟ್ಟು ಕಾರ್ಡನಾಲ್ ಆಗುತ್ತದೆ. ಕಾರ್ಡನಾಲಿನಿಂದ ಶಾಖ ತಡೆಯುವ ರಾಳಗಳನ್ನು ಮಾಡಬಹುದು, ವಾಹನಗಳ ಬ್ರೇಕಿನ ಪಟ್ಟಿಗೆ ಅದು ಬೇಕು. ಇದನ್ನು ಕಂಡುಕೊಂಡು ಪೇಟೆಂಟುಗಳ ಸಾಲನ್ನೇ ಪಡೆದವರು ಅಮೆರಿಕದ ಮಾರ್ಟಿಮರ್ ಹಾರ್ವೆ. ನಮ್ಮ ಕರಾವಳಿಯಿಂದ ಎಣ್ಣೆ ಪೀಪಾಯಿಗಳಲ್ಲಿ ಹಡಗು ಹತ್ತಿತು. ಎಣ್ಣೆಗೆ ಏನು ಮಾಡಬಹುದೆಂಬ ಪ್ರಶ್ನೆಗೆ ಅಮೆರಿಕದಲ್ಲಿ ವಾರಸುದಾರರಿದ್ದರು, ಅಂಗೈಗೆ ಎಣ್ಣೆ ಬೂದಿ ಹಚ್ಚಿಕೊಂಡು ದಿನವಿಡೀ ಬೀಜ ಒಡೆಯುತ್ತಿದ್ದ ಇಲ್ಲಿಯ ಹೆಂಗಸರ ಬೊಬ್ಬೆಯೆದ್ದ ಬೆರಳುಗಳ ಪ್ರಶ್ನೆಗೆ ಬಹಳ ಕಾಲ ಯಾರೂ ಇರಲಿಲ್ಲ. ಬೀಜವನ್ನು ಹಬೆಯಲ್ಲಿ ಬೇಯಿಸಿ ಯಂತ್ರದಿಂದ ಕತ್ತರಿಸುವ ಪದ್ಧತಿ ಹರಡಿದ ಮೇಲೆ ಆ ಕಷ್ಟ ಕಡಿಮೆಯಾಗಿದೆ. ಗೇರಿಗೆಂದೇ ಪುತ್ತೂರಿನಲ್ಲಿ ರಾಷ್ಟ್ರೀಯ ಸಂಶೋಧನಾ ಕೇಂದ್ರ ಬಂದದ್ದು 1986ರಲ್ಲಿ. ಅದೇ ವರ್ಷ ಅದೇ ಊರಿನಲ್ಲಿ ಕ್ಯಾಂಪ್ಕೊ ತನ್ನ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು: ಕೊಕ್ಕೊ ಬೆಳೆದ ರೈತರಿಗೆ ಕೊಳ್ಳುವವರೇ ಇಲ್ಲವಾದಾಗ ಬೆಳೆಗಾರರ ಸಹಕಾರಿ ಸಂಸ್ಥೆಯೇ ಕೊಳ್ಳುವವನೂ ಆಯಿತು.

ಕಡಲಿನ ಸಂಶೋಧನೆಯನ್ನು ಮಲ್ಪೆಯ ಪಕ್ಕದಲ್ಲಿ ನಿಂತು ಬಿಟ್ಟುಬಿಡುವಂತಿಲ್ಲ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು ಮಂಗಳೂರಿನಲ್ಲಿ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಕೇಂದ್ರ, ಅಂದರೆ ಇನ್‌ಕಾಯಿಸ್, ಉಪಗ್ರಹಗಳು ಅಳೆದ ಕಡಲಿನ ಮೇಲ್ಮೈಯ ಉಷ್ಣಾಂಶವನ್ನೂ ನೀರಿನ ಹಸಿರು ವರ್ಣಕದ ಪ್ರಮಾಣವನ್ನೂ ಕೂಡಿಸಿ ನೋಡಿ, ಯಾವ ದಿಕ್ಕಿನಲ್ಲಿ ಎಷ್ಟು ದೂರ ಹೋದರೆ ಮೀನು ಇರುವ ಸಂಭವವಿದೆ ಎಂಬ ಸೂಚನೆಯನ್ನು ಕನ್ನಡದಲ್ಲಿಯೂ ಕೊಡುತ್ತದೆ. ಹಸಿರು ಇದ್ದಲ್ಲಿ ಸೂಕ್ಷ್ಮ ಸಸ್ಯಗಳು, ಅವನ್ನು ತಿನ್ನುವ ಬೂತಾಯಿ, ಬಂಗುಡೆ, ಅವನ್ನು ಹಿಂಬಾಲಿಸುವ ದೊಡ್ಡ ಮೀನು. ಆದರೆ ಮೋಡ ಕವಿದರೆ ಉಪಗ್ರಹಕ್ಕೆ ಈ ಹಸಿರು ಕಾಣುವುದಿಲ್ಲ, ನಮ್ಮ ಕಡಲಿನ ಮೇಲೆ ಮೋಡಕ್ಕೇನೂ ಬರವಿಲ್ಲ. ಬೋಟು ನಡೆಸುವ ಅನುಭವಿ ತಂಡೇಲರು ಈ ಸೂಚನೆಯನ್ನು ನೋಡುತ್ತಾರೆ, ನೀರಿನ ಬಣ್ಣವನ್ನೂ ಹಕ್ಕಿಗಳನ್ನೂ ನೋಡುತ್ತಾರೆ, ನಿನ್ನೆ ಬಂದ ಬೋಟಿನವರನ್ನೂ ವಿಚಾರಿಸುತ್ತಾರೆ. ಕೆಲವು ವರ್ಷಗಳ ಹಿಂದೆ ಬೂತಾಯಿ ಬಲೆಗೆ ಬೀಳುವುದೇ ನಿಂತುಹೋದಾಗ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಅದಕ್ಕೂ ಶಾಂತಸಾಗರದ ನೀರು ಬಿಸಿಯೇರುವ ಎಲ್ ನಿನೊ ವಿದ್ಯಮಾನಕ್ಕೂ ನಂಟಿದೆ ಎಂದರು. ಎಲ್ಲಿಯ ಶಾಂತಸಾಗರ, ಎಲ್ಲಿಯ ಮಲ್ಪೆ! ಇಂಥ ಪ್ರಶ್ನೆಗೆ ನಲವತ್ತು ಐವತ್ತು ವರ್ಷಗಳ ಮೀನಿನ ಲೆಕ್ಕ ಬೇಕು. ಬಂದರಿನಲ್ಲಿ ನಿಂತು ದಿನವೂ ಬುಟ್ಟಿ ಎಣಿಸಿ ಬರೆದಿಟ್ಟ ಸಿಬ್ಬಂದಿಗೆ ಯಾವ ಪ್ರಶಸ್ತಿಯೂ ಬರುವುದಿಲ್ಲ.

ಔಷಧದ ಕ್ಷೇತ್ರದಲ್ಲಿ ವಾರಸುದಾರನನ್ನು ಒಂದರ್ಥದಲ್ಲಿ ಕಾನೂನೇ ಸೃಷ್ಟಿಸಿತು. 1970ರ ಪೇಟೆಂಟ್ ಕಾಯಿದೆ ಔಷಧಿಯ ತಯಾರಿಕಾ ವಿಧಾನಕ್ಕೆ ಮಾತ್ರ ಪೇಟೆಂಟು ಕೊಟ್ಟಿತು, ಔಷಧಿಗೆ ಕೊಡಲಿಲ್ಲ. ಬೇರೆ ದಾರಿಯಲ್ಲಿ ಅದೇ ಔಷಧಿಯನ್ನು ತಯಾರಿಸಿದರೆ ತಪ್ಪಿಲ್ಲ ಎಂದಾದಾಗ, ಆ ಬೇರೆ ದಾರಿಯನ್ನು ಹುಡುಕಿಕೊಡಿ ಎಂದು ಕಂಪನಿಗಳು ರಾಷ್ಟ್ರೀಯ ಪ್ರಯೋಗಾಲಯಗಳ ಬಾಗಿಲು ತಟ್ಟಿದವು. ಎಚ್‌ಐವಿಗೆ ಕೊಡುವ ಜಿಡೊವುಡಿನ್ ಔಷಧಿಯ ವಿಧಾನವನ್ನು ಹೈದರಾಬಾದಿನ ಪ್ರಯೋಗಾಲಯದಲ್ಲಿ ಎ.ವಿ. ರಾಮರಾವ್ ಮತ್ತು ಸಂಗಡಿಗರು ರೂಪಿಸಿಕೊಟ್ಟರು, ಸಿಪ್ಲಾ ತಯಾರಿಸಿತು. 2001ರಲ್ಲಿ ಅದೇ ಸಿಪ್ಲಾ ಮೂರು ಔಷಧಿಗಳ ಚಿಕಿತ್ಸೆಯನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುತ್ತೇನೆಂದಾಗ ಆಫ್ರಿಕಾದ ರೋಗಿಗಳ ಪಾಲಿಗೆ ಲೆಕ್ಕವೇ ಬದಲಾಯಿತು. 2005ರಿಂದ ಔಷಧಿಗೇ ಪೇಟೆಂಟು ಸಿಗುತ್ತಿದೆ, ಈಗ ಆಟದ ನಿಯಮ ಬೇರೆ. ಗಾಯಕ್ಕೆ ಅರಸಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟು ಸಿಕ್ಕಿದ್ದು, ಸಿಎಸ್‌ಐಆರ್ ಹಳೆಯ ಲೇಖನ ಗ್ರಂಥಗಳ ಪುರಾವೆ ಒಡ್ಡಿ 1997ರಲ್ಲಿ ಅದನ್ನು ರದ್ದು ಮಾಡಿಸಿದ್ದು ನಿಮಗೆ ಗೊತ್ತು. ಅಲ್ಲಿ ಗೆದ್ದದ್ದು ಅಚ್ಚಾಗಿದ್ದ ದಾಖಲೆ. ನಮ್ಮ ಅಜ್ಜಿಯಂದಿರ ತಿಳಿವಳಿಕೆ ಬಾಯಿಮಾತಿನಲ್ಲಿ ಮಾತ್ರ ಉಳಿದಿದ್ದರೆ ಪೇಟೆಂಟು ಕಚೇರಿ ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಹಣದ ಮಾತು ಆಡಲೇಬೇಕು. 2020-21ರಲ್ಲಿ ಭಾರತ ಸಂಶೋಧನೆಗೆ ಖರ್ಚು ಮಾಡಿದ್ದು ತನ್ನ ಒಟ್ಟು ಉತ್ಪನ್ನದ ಶೇ. 0.64 ಮಾತ್ರ. ಚೀನಾದಲ್ಲಿ ಇದು ಶೇ. 2ನ್ನು, ದಕ್ಷಿಣ ಕೊರಿಯಾದಲ್ಲಿ ಶೇ. 4ನ್ನು ದಾಟಿದೆ. ಸಾಮಾನ್ಯವಾಗಿ ಇದಕ್ಕೆ ಸರಕಾರವನ್ನು ದೂರುತ್ತಾರೆ. ನನ್ನ ದೂರು ಕೈಗಾರಿಕೋದ್ಯಮಿಗಳ ಮೇಲೆ ಹೆಚ್ಚು. ಕೊರಿಯಾ, ಚೀನಾಗಳಲ್ಲಿ ಈ ವೆಚ್ಚದ ಮುಕ್ಕಾಲು ಪಾಲನ್ನು ಉದ್ಯಮಗಳು ಹೊರುತ್ತವೆ, ನಮ್ಮಲ್ಲಿ ಖಾಸಗಿ ಉದ್ಯಮಗಳ ಪಾಲು ಸುಮಾರು ಶೇ. 36. ಕಾರ್ಖಾನೆಯವನು ತನ್ನ ಕಾಸು ಹಾಕಿ ಪ್ರಶ್ನೆ ಕೇಳದಿದ್ದರೆ ಪ್ರಯೋಗಾಲಯದವನು ತನಗೆ ತಾನೇ ಪ್ರಶ್ನೆ ಹಾಕಿಕೊಂಡು ತಾನೇ ಅಂಕ ಕೊಟ್ಟುಕೊಳ್ಳುತ್ತಾನೆ. 2023ರ ಕಾಯಿದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಯ ಅಂದಾಜಿದೆ, ಅದರಲ್ಲಿ ಬಹುಪಾಲು ಸರಕಾರೇತರ ಮೂಲಗಳಿಂದ ಬರಬೇಕು. ಆ ಬಹುಪಾಲು ಬರುತ್ತದೆಯೇ ಎಂಬುದನ್ನು ಇಲ್ಲಿರುವ ವಾಣಿಜ್ಯ ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು.

ಉಪನ್ಯಾಸ ಮುಗಿದ ಮೇಲೆ ಸಭೆಯಿಂದ ಬಂದ ಒಂದು ಪ್ರಶ್ನೆಯನ್ನು ಇಲ್ಲಿ ಸೇರಿಸುವುದು ನ್ಯಾಯ. ಸುಳ್ಯದ ಕಡೆಯ ವಿದ್ಯಾರ್ಥಿಯೊಬ್ಬ ಎದ್ದುನಿಂತು, "ಸರ್, ಕೊಳೆರೋಗಕ್ಕೆ ಮದ್ದು ಸಿಕ್ಕಿ ನೂರು ವರ್ಷ ದಾಟಿತು ಅಂದಿರಿ. ನಮ್ಮ ತೋಟಕ್ಕೆ ಹಳದಿ ರೋಗ ಬಂದಿದೆ. ಅಪ್ಪ ಮರ ಕಡಿಸುತ್ತಿದ್ದಾರೆ. ಅದಕ್ಕೆ ಯಾವಾಗ ಸಿಗುತ್ತದೆ?" ಎಂದು ಕೇಳಿದ.

ನಾನು ತಿಳಿದಷ್ಟನ್ನು ಹೇಳಿದೆ. ಹಳದಿ ಎಲೆ ರೋಗಕ್ಕೆ ಕಾರಣ ಫೈಟೊಪ್ಲಾಸ್ಮ ಎಂಬ, ಕೋಶಭಿತ್ತಿಯಿಲ್ಲದ ಅತಿಸೂಕ್ಷ್ಮ ಜೀವಿ. ಅದು ಮರದ ಆಹಾರನಾಳದೊಳಗೆ ವಾಸಿಸುವುದರಿಂದ ಹೊರಗಿನಿಂದ ಸಿಂಪಡಿಸಿದ ಮದ್ದು ಅದನ್ನು ಮುಟ್ಟುವುದಿಲ್ಲ, ವಾಸಿ ಮಾಡುವ ಔಷಧಿ ಇವತ್ತಿಗೆ ಇಲ್ಲ. ರೋಗ ಹಬ್ಬಿದ ತೋಟಗಳಲ್ಲಿಯೂ ಹಸಿರಾಗಿ ನಿಂತಿರುವ ಒಂದೊಂದು ಮರವನ್ನು ಗುರುತಿಸಿ, ಅದರ ಹಿಂಗಾರದ ಎಳೆಯ ಅಂಗಾಂಶದಿಂದ ಪ್ರಯೋಗಾಲಯದಲ್ಲಿ ಸಸಿ ಬೆಳೆಸಿ, ಅವು ರೋಗವನ್ನು ತಾಳುತ್ತವೆಯೇ ಎಂದು ನೋಡುವ ಕೆಲಸ ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿಯೂ ವಿಟ್ಲದ ಅದರ ಕೇಂದ್ರದಲ್ಲಿಯೂ ನಡೆದಿದೆ. ಅಡಿಕೆ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು, ತಾಳಿಕೆಯನ್ನು ಖಚಿತಪಡಿಸಿಕೊಳ್ಳಲು ಅದಕ್ಕಿಂತ ಹೆಚ್ಚು.

"ನಿಮ್ಮ ತೋಟದಲ್ಲಿ ಹಸಿರಾಗಿ ಉಳಿದ ಮರ ಇದೆಯಾ?" ಎಂದು ಕೇಳಿದೆ.

"ತೋಡಿನ ಬದಿಯಲ್ಲಿ ಎರಡು ಇವೆ ಸರ್."

ಅವನ್ನು ಕಡಿಸಬೇಡಿ ಎಂದು ಅಪ್ಪನಿಗೆ ಹೇಳು, ನಾಳೆಯೇ ವಿಟ್ಲಕ್ಕೆ ಹೋಗಿ ತಿಳಿಸು ಎಂದೆ. ಅವನು ಕೂರಲಿಲ್ಲ, ಚೀಲದಿಂದ ಪುಸ್ತಕ ತೆಗೆದು ನಿಂತಲ್ಲಿಯೇ ಬರೆದುಕೊಂಡ.